ಸಾಂಟಾನನ್ನು ಏನು ಕೇಳಲಿ?

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅಮೆರಿಕದ ಮಕ್ಕಳಿಗೆ ಪರೀಕ್ಷೆಗಿಂತ ಕಠಿಣವಾದ ಪ್ರಶ್ನೆಯೊಂದು ಎದುರಾಗುತ್ತದೆ. ಈ ಸಲ ಸಾಂಟಾ ಕ್ಲಾಸನನ್ನು ಏನು ಕೇಳುವುದು? ಅಂಗಡಿಯಲ್ಲಿ ಕಂಡದ್ದೆಲ್ಲ ಬೇಕು. ಕಾಗದದಲ್ಲಿ ಹಿಡಿಸುವುದು ನಾಲ್ಕೇ ಸಾಲು!

ಸಾಂಟಾನಿಗೆ ಬರೆದ ಪತ್ರಗಳು ಒಂದು ಕಾಲಕ್ಕೆ ವಿಳಾಸ ಸಿಗದ ಕಾಗದಗಳ ರಾಶಿ ಸೇರುತ್ತಿದ್ದವು. 1912ರಲ್ಲಿ ಪೋಸ್ಟ್‌ಮಾಸ್ಟರ್ ಜನರಲ್ ಫ್ರಾಂಕ್ ಹಿಚ್‌ಕಾಕ್, ಅಂಚೆ ನೌಕರರೂ ಸಾರ್ವಜನಿಕರೂ ಅವುಗಳಿಗೆ ಉತ್ತರಿಸಬಹುದೆಂದು ಅಪ್ಪಣೆ ಕೊಟ್ಟರು. ಆಗ ಮೊಳೆತ 'ಆಪರೇಷನ್ ಸಾಂಟಾ' ಇಂದಿಗೂ ನಡೆದಿದೆ. ಅದಕ್ಕೊಂದು ವಿಳಾಸವೂ ಉಂಟು: 123, ಎಲ್ಫ್ ರೋಡ್, ಉತ್ತರ ಧ್ರುವ 88888. ಬಂದ ಪತ್ರಗಳಲ್ಲಿ ಮನೆತನದ ಹೆಸರು, ವಿಳಾಸ ಮರೆಮಾಡಿ ಅಂತರಜಾಲದಲ್ಲಿ ಹಾಕುತ್ತಾರೆ. ಓದಿ ಮನಸ್ಸು ಕರಗಿದವರು ಪತ್ರವನ್ನು 'ದತ್ತು' ತೆಗೆದುಕೊಂಡು ಉಡುಗೊರೆ ಕಳುಹಿಸುತ್ತಾರೆ.

ಆದ್ದರಿಂದ ಕೇಳುವುದನ್ನು ಬಿಡಿಸಿ ಕೇಳಬೇಕು. ಅಂಗಿಯ ಅಳತೆ, ಬೂಟಿನ ನಂಬರು, ಇಷ್ಟದ ಬಣ್ಣ ಬರೆಯಿರಿ ಎಂದು ಅಂಚೆಯವರೇ ಹೇಳುತ್ತಾರೆ. ಬೂಟಿನ ನಂಬರು ಏಕೆಂದಿರಾ? ಆಟಿಕೆ ಕೇಳುವವರು ಇದ್ದೇ ಇದ್ದಾರೆ. ಆದರೆ ಚಳಿಗೊಂದು ಕೋಟು, ಹರಿಯದ ಬೂಟು, ಹೊದೆಯಲು ಕಂಬಳಿ ಕೇಳುವ ಮಕ್ಕಳೂ ಇದ್ದಾರೆ. ತನಗೆ ಬೇಡ, ತಮ್ಮನಿಗೆ ಕೊಡು ಎನ್ನುವ ಪತ್ರಗಳೂ ಬರುತ್ತವೆ. ಗೊಂಬೆಯೋ, ಕೋಟೋ ಎಂದು ಏಳೆಂಟು ವರ್ಷದ ಮಗು ಪೆನ್ಸಿಲ್ ಕಚ್ಚುತ್ತ ಲೆಕ್ಕ ಹಾಕುವುದರ ಮುಂದೆ ಹಣಕಾಸು ಮಂತ್ರಿಗಳ ಬಜೆಟ್ಟು ಏನು ಮಹಾ! ಅಪ್ಪನಿಗೆ ಕೆಲಸ ಕೊಡಿಸು ಎಂದು ಬರೆದರೆ ಮಾತ್ರ ಅದನ್ನು ಪಾರ್ಸೆಲ್ ಮಾಡುವಂತಿಲ್ಲ.

ಕಟ್ಟಿದ ಪೆಟ್ಟಿಗೆಯನ್ನು ಅಂಚೆ ಕಚೇರಿಯಲ್ಲಿ ಒಪ್ಪಿಸಿದರಾಯಿತು. ಕೊಟ್ಟವರಿಗೆ ಮಗುವಿನ ಮನೆ ಯಾವುದೆಂದು ತಿಳಿಯುವುದಿಲ್ಲ.