ಮಂಗಳಕಾರ್ಯದ ತಟ್ಟೆಯಲ್ಲಿ ಕಪ್‌ಕೇಕ್: ಅಂದವೂ ಅಳತೆಯೂ

ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ ಮುಂತಾದವು ಬಂಧುಬಾಂಧವರೆಲ್ಲ ಒಂದೆಡೆ ಕಲೆತು ಉಣ್ಣುವ ಸಂದರ್ಭಗಳು. ಸಿಹಿಯಿಲ್ಲದ ಮಂಗಳಕಾರ್ಯವನ್ನು ನಮ್ಮ ಜನ ಊಹಿಸಲಾರರು. ಹೋಳಿಗೆ, ಪಾಯಸ, ಚಿರೋಟಿ, ಲಾಡುಗಳ ಸಾಲಿಗೆ ಈಗ ಕಪ್‌ಕೇಕ್ ಕೂಡ ಬಂದು ಸೇರಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಲ್ಯಾಣ ಮಂಟಪಗಳಲ್ಲಿ ಆರತಕ್ಷತೆಯ ಸಂಜೆ ಬಣ್ಣಬಣ್ಣದ ಕೆನೆ ಹೊತ್ತ ಈ ಪುಟ್ಟ ಕೇಕುಗಳನ್ನು ಅಂತಸ್ತು ಅಂತಸ್ತಾಗಿ ಜೋಡಿಸಿಡುವುದುಂಟು. ನೋಡುವುದಕ್ಕೆ ಅವು ಬಲು ಚೆಂದ. ಆದರೆ ಒಂದು ಮಗು ಮೂರನೆಯ ಕೇಕಿಗೆ ಕೈಚಾಚುವುದನ್ನೂ, ಸಕ್ಕರೆ ಕಾಯಿಲೆಯಿರುವ ಹಿರಿಯರಿಗೆ "ಒಂದೇ ಒಂದು ತಾತ, ಏನೂ ಆಗೋಲ್ಲ" ಎಂದು ಮೊಮ್ಮಕ್ಕಳು ಒತ್ತಾಯ ಮಾಡುವುದನ್ನೂ ಅದೇ ಮಂಟಪಗಳಲ್ಲಿ ನಾವು ಕಂಡಿದ್ದೇವೆ. ಆದಕಾರಣ ಈ ಹೊಸ ಸಿಹಿಯ ಗುಣದೋಷಗಳನ್ನು ವಿಚಾರಿಸಿ, ಅದನ್ನು ಆರೋಗ್ಯಕ್ಕೆ ಬಾಧೆಯಿಲ್ಲದಂತೆ ಸಿದ್ಧಪಡಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಹೆಸರಿನಲ್ಲಿಯೇ ಅಳತೆಯಿದೆ

ಕಪ್‌ಕೇಕಿನ ಹುಟ್ಟು ಅಮೆರಿಕದ್ದು. 1796ರಲ್ಲಿ ಅಮೆಲಿಯಾ ಸಿಮನ್ಸ್ ಎಂಬಾಕೆ ಅಲ್ಲಿ ಪ್ರಕಟಿಸಿದ ಪಾಕಗ್ರಂಥದಲ್ಲಿ ಸಣ್ಣ ಬಟ್ಟಲುಗಳಲ್ಲಿ ಬೇಯಿಸುವ ಹಗುರವಾದ ಕೇಕಿನ ವಿವರ ದೊರೆಯುತ್ತದೆ. 1828ರಲ್ಲಿ ಎಲಿಜಾ ಲೆಸ್ಲಿಯವರ ಪುಸ್ತಕದಲ್ಲಿ 'ಕಪ್ ಕೇಕ್' ಎಂಬ ಹೆಸರೇ ಬಂದಿದೆ. ಪದಾರ್ಥಗಳನ್ನು ತೂಗುವ ಬದಲು ಬಟ್ಟಲಿನಿಂದ ಅಳೆಯುತ್ತಿದ್ದುದೂ, ಬಟ್ಟಲಿನಲ್ಲಿಯೇ ಬೇಯಿಸುತ್ತಿದ್ದುದೂ ಈ ಹೆಸರಿಗೆ ಕಾರಣ. ಒಬ್ಬರಿಗೆ ಒಂದು ಎಂಬ ಮಿತಿ ಈ ತಿನಿಸಿನ ರೂಪದಲ್ಲಿಯೇ ಇದೆ. ದೊಡ್ಡ ಕೇಕನ್ನು ಕತ್ತರಿಸುವಾಗ ತುಂಡು ಹಿರಿದೂ ಆಗಬಹುದು, ಕಿರಿದೂ ಆಗಬಹುದು, ಕಪ್‌ಕೇಕಿನಲ್ಲಿ ಹಾಗಾಗದು. ಆರೋಗ್ಯದ ದೃಷ್ಟಿಯಿಂದ ಇದು ಅದರ ಮೊದಲ ಗುಣ. ಈ ಗುಣವನ್ನು ನಾವು ಉಳಿಸಿಕೊಳ್ಳುತ್ತೇವೆಯೇ ಎಂಬುದೇ ಪ್ರಶ್ನೆ.

ನಮ್ಮ ಸೀಮೆಯವರ ಕೊಡುಗೆ

ಕೇಕ್ ಎಂದರೆ ಮೊಟ್ಟೆ ಎಂದು ಭಾವಿಸಿ ಶಾಕಾಹಾರಿ ಮನೆಗಳವರು ಅದನ್ನು ದೂರವಿಟ್ಟ ಕಾಲವೊಂದಿತ್ತು. ಆ ಅಂತರವನ್ನು ಕಳೆದವರು ನಮ್ಮ ಹಾಸನ ಸೀಮೆಯವರೇ ಎಂಬುದು ಸಂತೋಷದ ಸಂಗತಿ. ಹಾಸನ ಕಡೆಯಿಂದ ಬೆಂಗಳೂರಿಗೆ ಹೋಗಿ ಸಿಹಿತಿಂಡಿಯ ಅಂಗಡಿ ನಡೆಸುತ್ತಿದ್ದ ಎಚ್. ಎಸ್. ತಿರುಮಲಾಚಾರ್ಯರು ಆಂಗ್ಲರೊಬ್ಬರಿಂದ ಬೇಕರಿ ವಿದ್ಯೆಯನ್ನು ಕಲಿತರೆಂದು ಹೇಳುತ್ತಾರೆ. 1898ರಲ್ಲಿ ಅವರು ಚಿಕ್ಕಪೇಟೆಯಲ್ಲಿ ತೆರೆದ ಬಿ. ಬಿ. ಬೇಕರಿಯು ಅಯ್ಯಂಗಾರ್ ಬೇಕರಿಗಳ ಪರಂಪರೆಗೆ ಮೊದಲಾಯಿತು. ಆ ಬಳಿಕ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಅನೇಕ ಕುಟುಂಬಗಳವರು ಇದೇ ವೃತ್ತಿಯನ್ನು ಹಿಡಿದು ನಾಡಿನುದ್ದಕ್ಕೂ ಬೇಕರಿಗಳನ್ನು ತೆರೆದರು. ಅಯ್ಯಂಗಾರ್ಯರಲ್ಲದೆ ಈ ಜಿಲ್ಲೆಯ ಇತರ ಸಮುದಾಯಗಳವರೂ ಇಂದು ಈ ಕಸುಬಿನಲ್ಲಿದ್ದಾರೆ. ಖಾರಾ ಬನ್, ದಿಲ್‌ಪಸಂದ್, ಹನಿ ಕೇಕ್ ಇವುಗಳ ಜೊತೆಯಲ್ಲಿ ಕಾಗದದ ಬಟ್ಟಲಿನಲ್ಲಿ ಬೆಂದ, ಮೇಲೆ ಕೆನೆಯಿಲ್ಲದ ಸಾದಾ ಕೇಕ್ ಕೂಡ ಇಂತಹ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಬಹುಕಾಲದಿಂದ ಇದೆ. ಮದುವೆಯ ಕಪ್‌ಕೇಕಿಗೆ ಮಾದರಿಯನ್ನು ನಾವು ದೂರದೇಶದಿಂದ ತರಬೇಕಾಗಿಲ್ಲ.

ಮೊಟ್ಟೆಯಿಲ್ಲದೆ ಉಬ್ಬುವುದು ಹೇಗೆ?

ಕೇಕಿನಲ್ಲಿ ಮೊಟ್ಟೆಗೆ ಮೂರು ಕೆಲಸಗಳುಂಟು: ಗಾಳಿಯನ್ನು ಹಿಡಿದಿಡುವುದು, ಹಿಟ್ಟನ್ನು ಬಂಧಿಸುವುದು, ತೇವವನ್ನು ಕೊಡುವುದು. ಮೊಸರು ಮತ್ತು ಅಡುಗೆ ಸೋಡಾ ಕೂಡಿದರೆ ಈ ಕೆಲಸದ ಬಹುಭಾಗ ನಡೆಯುತ್ತದೆ. ಮೊಸರಿನ ಹುಳಿಯು ಸೋಡಾದೊಡನೆ ಬೆರೆತಾಗ ಇಂಗಾಲದ ಡೈಆಕ್ಸೈಡ್ ಎಂಬ ಅನಿಲ ಹುಟ್ಟಿ, ಅದರ ಗುಳ್ಳೆಗಳು ಹಿಟ್ಟನ್ನು ಉಬ್ಬಿಸುತ್ತವೆ. ಸೋಡಾ ಹೆಚ್ಚಾದರೆ ಕೇಕು ಕಹಿಯಾಗುವುದಲ್ಲದೆ ಸಾಬೂನಿನ ವಾಸನೆ ಬರುತ್ತದೆ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1200 ಮಿಲಿಗ್ರಾಂ ಸೋಡಿಯಂ ಇರುವುದರಿಂದ ರಕ್ತದೊತ್ತಡವುಳ್ಳವರ ದೃಷ್ಟಿಯಿಂದಲೂ ಅಳತೆ ಮೀರಬಾರದು.

ನಮ್ಮ ಸೀಮೆಯ ರಾಗಿಯನ್ನು ಬಳಸಿ ಹನ್ನೆರಡು ಕಪ್‌ಕೇಕುಗಳನ್ನು ಮಾಡುವ ಕ್ರಮ ಹೀಗಿದೆ: ಒಂದು ಬಟ್ಟಲು ಗೋಧಿಹಿಟ್ಟು, ಅರ್ಧ ಬಟ್ಟಲು ರಾಗಿಹಿಟ್ಟು, ಒಂದು ಬಟ್ಟಲು ಹುಳಿಯಾಗದ ಗಟ್ಟಿ ಮೊಸರು, 100 ಗ್ರಾಂ ಸಕ್ಕರೆ ಅಥವಾ ಬೆಲ್ಲದ ಪುಡಿ, ಮೂರನೇ ಒಂದು ಬಟ್ಟಲು ಅಡುಗೆ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಸ್ವಲ್ಪ ಏಲಕ್ಕಿ ಪುಡಿ. ಮೊದಲು ಮೊಸರಿನಲ್ಲಿ ಸಕ್ಕರೆ ಕರಗುವಂತೆ ಕಲಕಬೇಕು. ಅದಕ್ಕೆ ಬೇಕಿಂಗ್ ಪೌಡರ್ ಮತ್ತು ಸೋಡಾ ಸೇರಿಸಿ ಐದು ನಿಮಿಷ ಬಿಟ್ಟರೆ ನೊರೆಯೇಳುತ್ತದೆ. ಆಮೇಲೆ ಎಣ್ಣೆ ಮತ್ತು ಏಲಕ್ಕಿಯನ್ನು ಬೆರೆಸಿ, ಜರಡಿ ಹಿಡಿದ ಹಿಟ್ಟುಗಳನ್ನು ಸೇರಿಸಿ ಹಗುರವಾಗಿ ಕಲಸಬೇಕು. ಹೆಚ್ಚು ತಿರುವಿದರೆ ಕೇಕು ಗಟ್ಟಿಯಾಗುತ್ತದೆ. ರಾಗಿ ನೀರನ್ನು ಹೀರುವುದರಿಂದ ಮೂರು ನಾಲ್ಕು ದೊಡ್ಡ ಚಮಚ ಹಾಲು ಬೇಕಾಗಬಹುದು. ಹಿಟ್ಟನ್ನು ಬಟ್ಟಲುಗಳ ಮುಕ್ಕಾಲಿಗೆ ಮೀರದಂತೆ ತುಂಬಿ, 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 20 ನಿಮಿಷ ಬೇಯಿಸಬೇಕು. ನಡುವೆ ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ.

ರಾಗಿಯಲ್ಲಿ ಹಿಟ್ಟನ್ನು ಬಂಧಿಸುವ ಅಂಟಿನ ಗುಣವಿಲ್ಲ. ಆದ್ದರಿಂದ ಗೋಧಿಯ ಜೊತೆ ಬೇಕು. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರೂ, 340 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣದ ಅಂಶವೂ ಇವೆ. ಮೈದಾದಲ್ಲಿ ನಾರು 3 ಗ್ರಾಮಿನಷ್ಟೂ ಇರುವುದಿಲ್ಲ.

ಸಕ್ಕರೆಯ ಲೆಕ್ಕ

ಮೇಲಿನ ಕ್ರಮದಲ್ಲಿ ಒಂದು ಕೇಕಿಗೆ ಬರುವ ಸಕ್ಕರೆ 8 ಗ್ರಾಂ ಮಾತ್ರ. ತೊಂದರೆ ಇರುವುದು ಮೇಲಿನ ಅಲಂಕಾರದಲ್ಲಿ. ಬೆಣ್ಣೆಯ ಕೆನೆಯನ್ನು ಸಾಮಾನ್ಯವಾಗಿ ಒಂದು ಪಾಲು ಬೆಣ್ಣೆಗೆ ಎರಡು ಪಾಲು ಸಕ್ಕರೆ ಪುಡಿಯ ಪ್ರಮಾಣದಲ್ಲಿ ಮಾಡುತ್ತಾರೆ. ಒಂದು ಕೇಕಿನ ಮೇಲೆ 30 ಗ್ರಾಂ ಕೆನೆಯನ್ನಿಟ್ಟರೆ ಅದರಲ್ಲಿ 20 ಗ್ರಾಂ ಸಕ್ಕರೆಯೇ ಆಯಿತು. ಒಟ್ಟು 28 ಗ್ರಾಂ. ವಯಸ್ಕರು ದಿನವೊಂದಕ್ಕೆ ಸೇವಿಸುವ ಸೇರಿಸಿದ ಸಕ್ಕರೆಯು ಒಟ್ಟು ಶಕ್ತಿಯ ಶೇಕಡ 10ಕ್ಕಿಂತ, ಎಂದರೆ ಸುಮಾರು 50 ಗ್ರಾಮಿಗಿಂತ, ಕಡಿಮೆಯಿರಬೇಕೆಂದೂ, 25 ಗ್ರಾಮಿಗಿಂತ ಕೆಳಗಿದ್ದರೆ ಇನ್ನೂ ಒಳಿತೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಮೂರು ಕೇಕು ತಿಂದ ಮಗುವಿನ ಹೊಟ್ಟೆಗೆ ಒಂದೇ ಸಂಜೆಯಲ್ಲಿ 84 ಗ್ರಾಂ ಸಕ್ಕರೆ ಸೇರಿತೆಂಬುದನ್ನು ಹೆತ್ತವರು ಗಮನಿಸಬೇಕು. ಮಧ್ಯಾಹ್ನದ ಹೋಳಿಗೆ ಪಾಯಸಗಳು ಈ ಲೆಕ್ಕಕ್ಕೆ ಬಂದಿಲ್ಲ.

ಬೆಲ್ಲ ಹಾಕಿದರೆ ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಇದು ತಪ್ಪು. ಬೆಲ್ಲದಲ್ಲಿ ಕೆಲವು ಖನಿಜಾಂಶಗಳು ಅಲ್ಪ ಪ್ರಮಾಣದಲ್ಲಿ ಇರುವುದು ನಿಜ. ಆದರೆ ರಕ್ತದ ಸಕ್ಕರೆಯನ್ನು ಏರಿಸುವುದರಲ್ಲಿ ಅದೂ ಸಕ್ಕರೆಯೂ ಹೆಚ್ಚುಕಡಿಮೆ ಒಂದೇ. ರುಚಿಗಾಗಿ ಬೆಲ್ಲವನ್ನು ಬಳಸಬಹುದು, ಔಷಧಿಯೆಂದು ಬಳಸಬಾರದು.

ಅಲಂಕಾರ: ಕಣ್ಣಿಗೂ ಹಿತ, ಒಡಲಿಗೂ ಹಿತ

ಹಾಗೆಂದು ಕೇಕನ್ನು ಬೋಳಾಗಿ ಬಿಡಬೇಕಿಲ್ಲ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಅದಕ್ಕೆ ಸ್ವಲ್ಪವೇ ಸಕ್ಕರೆ ಮತ್ತು ಕೇಸರಿ ಬೆರೆಸಿದರೆ ಸೊಗಸಾದ ಮೇಲುಕೆನೆಯಾಗುತ್ತದೆ. ಮದುವೆಗೆ ಅದರ ಮೇಲೆ ದಾಳಿಂಬೆಯ ಕಾಳುಗಳನ್ನು ಹೂವಿನಂತೆ ಜೋಡಿಸಬಹುದು. ಸೀಮಂತಕ್ಕೆ ಖರ್ಜೂರ ಮತ್ತು ಬಾದಾಮಿಯ ಚೂರುಗಳು ಒಪ್ಪುತ್ತವೆ. ಸಂಕ್ರಾಂತಿಯ ಸಂದರ್ಭದಲ್ಲಿ ಹುರಿದ ಎಳ್ಳು, ಹುರಿಗಡಲೆ, ಕೊಬ್ಬರಿಯ ತುರಿಗಳನ್ನು ಉದುರಿಸಿದರೆ ಎಳ್ಳುಬೆಲ್ಲದ ನೆನಪು ತರುವ ಕೇಕು ಸಿದ್ಧವಾಗುತ್ತದೆ. ನಾಮಕರಣಕ್ಕೆ ಸಣ್ಣ ಬಾಳೆಹಣ್ಣಿನ ಬಿಲ್ಲೆ ಸಾಕು.

ಬಣ್ಣದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತೆ ಇಲಾಖೆಯು ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 223 ಸುರಕ್ಷಿತವಾಗಿದ್ದವು. 12ರಲ್ಲಿ ಅಪಾಯಕಾರಿ ಕೃತಕ ಬಣ್ಣಗಳಿದ್ದವು. ಬೇಕರಿಗಳೆಲ್ಲವನ್ನೂ ಸಂಶಯದಿಂದ ನೋಡಬೇಕಾಗಿಲ್ಲ, ಕಣ್ಣು ಕೋರೈಸುವ ಕೆಂಪನ್ನು ಬಯಸುವ ನಮ್ಮ ಹಂಬಲವನ್ನು ಮಾತ್ರ ತಗ್ಗಿಸಬೇಕು. ಬೀಟ್‌ರೂಟ್ ರಸವು ಕೆನೆಗೆ ಒಳ್ಳೆಯ ಗುಲಾಬಿ ಬಣ್ಣವನ್ನು ಕೊಡುತ್ತದೆ. ಅದನ್ನು ಹಿಟ್ಟಿಗೆ ಬೆರೆಸಿದರೆ ಒಲೆಯ ಕಾವಿಗೆ ಕಂದಾಗಿ ಹೋಗುತ್ತದೆ. ಬೆಂದ ಮೇಲೆ ಕೆನೆಯಲ್ಲಿ ಬಳಸುವುದೇ ಲೇಸು. ಅರಿಶಿನವು ಹಿಟ್ಟಿಗೆ ಹಳದಿಯನ್ನು ಕೊಡುತ್ತದೆ. ಸೋಡಾ ಹೆಚ್ಚಾಗಿದ್ದರೆ ಅದು ಕೆಂಪಿಗೆ ತಿರುಗಿ ನಮ್ಮ ತಪ್ಪನ್ನು ತಾನೇ ತೋರಿಸಿಕೊಡುತ್ತದೆ!

ಶಾಕಾಹಾರಿಗಳು ಇನ್ನೊಂದನ್ನು ತಿಳಿದಿರಬೇಕು. ಮೊಟ್ಟೆಯಿಲ್ಲದ ಕೇಕಿನ ಮೇಲೆ ಇಡುವ ಮಾರ್ಷ್‌ಮ್ಯಾಲೋ ಮತ್ತು ಕೆಲವು ಜೆಲ್ಲಿ ಮಿಠಾಯಿಗಳಲ್ಲಿ ಪ್ರಾಣಿಜನ್ಯವಾದ ಜೆಲಟಿನ್ ಇರುತ್ತದೆ. ಕಾರ್ಮೈನ್ ಎಂಬ ಕೆಂಪು ಬಣ್ಣವನ್ನು ಕೀಟಗಳಿಂದ ತೆಗೆಯುತ್ತಾರೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಜಿಡ್ಡು ಮತ್ತು ಕಾಪಿಡುವಿಕೆ

ಬೇಕರಿಯಲ್ಲಿ ಹೇಳಿ ಮಾಡಿಸುವವರು ಯಾವ ಜಿಡ್ಡನ್ನು ಬಳಸುತ್ತೀರಿ ಎಂದು ಕೇಳಲು ಸಂಕೋಚಪಡಬಾರದು. ವನಸ್ಪತಿಯಲ್ಲಿರಬಹುದಾದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಡುಕು. 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಅದು ಶೇಕಡ 2ನ್ನು ಮೀರಬಾರದೆಂದು ನಮ್ಮ ದೇಶದಲ್ಲಿ ನಿಯಮವಿದೆ. ಎಣ್ಣೆ ಅಥವಾ ಬೆಣ್ಣೆಯಲ್ಲಿಯೇ ಮಾಡಿಕೊಡಿ ಎಂದು ಮೊದಲೇ ತಿಳಿಸಿದರೆ ಬೇಕರಿಯವರಿಗೂ ಅನುಕೂಲ.

ನಮ್ಮಲ್ಲಿ ಮದುವೆಗಳು ಬಹಳವಾಗಿ ನಡೆಯುವುದು ಬೇಸಿಗೆಯಲ್ಲಿ. ಸಾದಾ ಕೇಕು ಮುಚ್ಚಿಟ್ಟರೆ ಒಂದೆರಡು ದಿನ ಇರುತ್ತದೆ. ಕೆನೆ, ಮೊಸರು, ಹಸಿ ತೆಂಗಿನತುರಿ ಹಾಗಲ್ಲ. ಇವುಗಳನ್ನು ತಂಪಿನ ಪೆಟ್ಟಿಗೆಯಿಂದ ಹೊರತೆಗೆದ ಮೇಲೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಆದ್ದರಿಂದ ಕೇಕನ್ನು ಹಿಂದಿನ ದಿನ ಬೇಯಿಸಿ, ಅಲಂಕಾರವನ್ನು ಬಡಿಸುವ ಹೊತ್ತಿಗೆ ಮಾಡುವುದು ಸರಿಯಾದ ಕ್ರಮ. ತಿನಿಸನ್ನು ಸುದ್ದಿಪತ್ರಿಕೆಯ ಮೇಲೆ ಇಡುವುದೂ ಅದರಲ್ಲಿ ಕಟ್ಟಿಕೊಡುವುದೂ ಸಲ್ಲದು. ಅದರ ಮಸಿ ಆಹಾರಕ್ಕೆ ಇಳಿಯುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯಾದ ಗೋಡಂಬಿ, ಕಡಲೆಕಾಯಿ ಬೀಜ, ಗಟ್ಟಿ ಸಕ್ಕರೆ ಮಣಿಗಳಿರುವ ಕೇಕನ್ನು ಕೊಡಬಾರದು. ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದು. ವರ್ಷ ತುಂಬದ ಕೂಸಿಗೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು. ಕಡಲೆಕಾಯಿ ಅಥವಾ ಗೋಧಿ ಒಗ್ಗದವರು ಇರುತ್ತಾರಾದ್ದರಿಂದ ತಟ್ಟೆಯ ಬಳಿ ಪದಾರ್ಥಗಳ ಹೆಸರನ್ನು ಬರೆದಿಡುವುದು ಒಳ್ಳೆಯ ರೂಢಿ.

ಒತ್ತಾಯವೇ ಉಪಚಾರವಲ್ಲ

ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಎಂದಮೇಲೆ ಯಾವ ಮದುವೆಯ ಪಂಕ್ತಿಯಲ್ಲಿಯೂ ಅಂತಹವರು ಇದ್ದೇ ಇರುತ್ತಾರೆ. ಅವರು ಸಿಹಿ ಬೇಡವೆಂದಾಗ ಮುನಿಸಿಕೊಳ್ಳುವುದು ಆತಿಥ್ಯವಲ್ಲ. ಅವರಿಗಾಗಿ ಕೆನೆಯಿಲ್ಲದ, ಅರ್ಧ ಗಾತ್ರದ ಕೇಕುಗಳನ್ನೂ ಹಣ್ಣನ್ನೂ ಬೇರೆಯಾಗಿ ಇರಿಸಬಹುದು. ತಿನ್ನುವವರು ಊಟದ ಅನ್ನವನ್ನು ಸ್ವಲ್ಪ ತಗ್ಗಿಸಿ, ಊಟದೊಡನೆಯೇ ತಿನ್ನಬೇಕು. ಸಿಹಿ ತಿಂದೆವೆಂದು ವೈದ್ಯರನ್ನು ಕೇಳದೆ ಮಾತ್ರೆಯನ್ನು ಹೆಚ್ಚಿಸುವುದು ಅಪಾಯ. ಔಷಧಿ ತೆಗೆದುಕೊಂಡು ಊಟ ತಡವಾಗಿ, ಬೆವರು, ನಡುಕ, ತಲೆಸುತ್ತು ಕಾಣಿಸಿಕೊಂಡರೆ ಪ್ರಜ್ಞೆಯಿರುವವರಿಗೆ ಸಕ್ಕರೆ ನೀರನ್ನು ಕುಡಿಸಬೇಕೇ ಹೊರತು ಕೇಕನ್ನು ಕೊಡಬಾರದು. ಅದರಲ್ಲಿನ ಜಿಡ್ಡು ಸಕ್ಕರೆಯು ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ.

ಮದುವೆಯ ಯಜಮಾನರಲ್ಲಿ ನಮ್ಮ ವಿನಂತಿ ಇಷ್ಟೇ: ಕಪ್‌ಕೇಕ್ ಇಡುವುದಾದರೆ ಮತ್ತೊಂದು ಸಿಹಿಯನ್ನು ಕೈಬಿಡಿರಿ, ಒಬ್ಬರಿಗೆ ಒಂದು ಸಣ್ಣದು ಎಂದು ಮಾಡಿಸಿರಿ. ಹಾಗೆ ಮಾಡಿದರೆ ಎಲೆಯಲ್ಲಿ ಉಳಿದು ಪೋಲಾಗುವುದೂ ತಪ್ಪುತ್ತದೆ. ನೂತನ ದಂಪತಿಗಳನ್ನು ಹರಸಲು ಬಂದ ಹಿರಿಯರು ಆರೋಗ್ಯದಿಂದ ಮನೆಗೆ ಮರಳಿ, ಮುಂದಿನ ನಾಮಕರಣಕ್ಕೂ ಬರುವಂತಾಗಲಿ.