ಫರಸಿ, ಕಂಕರ್, ಅಮೃತಶಿಲೆ

ನಮ್ಮ ಅಬ್ಬಾ ನೆಲಕ್ಕೆ ಕಲ್ಲು ಹಾಸುವ ಕೆಲಸ ಮಾಡುತ್ತಾರೆ. ಕಳೆದ ವರ್ಷ ಒಂದು ಮನೆಗೆ ಶಹಾಬಾದ್ ಕಲ್ಲು ಹಾಸಿ, ಪಾಲಿಶ್ ಮಾಡಿ ಕೊಟ್ಟರು. ಸಿಮೆಂಟಿನ ಕಲೆ ಹೋಗಲೆಂದು ಮನೆಯವರು ಬಚ್ಚಲು ತೊಳೆಯುವ ಆಸಿಡ್ ಸುರಿದರು. ಹೊಳಪು ಹೋಗಿ ನೆಲದ ತುಂಬ ಬಿಳಿ ಮಚ್ಚೆ ಬಂತು. "ಪಕ್ಕದ ಮನೆಯ ಗ್ರಾನೈಟ್‌ಗೆ ಇದೇ ಆಸಿಡ್ ಹಾಕಿದರೂ ಏನೂ ಆಗಿಲ್ಲ, ನೀವು ಕಳಪೆ ಮಾಲು ಹಾಕಿದ್ದೀರಿ" ಎಂದು 6000 ರೂಪಾಯಿ ಹಿಡಿದುಕೊಂಡರು. ಇದಕ್ಕೆ ನಮ್ಮ ಅಕೌಂಟೆನ್ಸಿಯಲ್ಲಿ ಸಂಶಯಾಸ್ಪದ ಸಾಲ ಎನ್ನುತ್ತಾರೆ. ಅಮ್ಮಿ ನೇರವಾಗಿ "ಡೂಬ್ ಗಯಾ" ಎಂದರು.

ಕಲ್ಲು ಕಳಪೆ ಅಲ್ಲ ಎಂದು ಅಬ್ಬಾಗೆ ಗೊತ್ತಿತ್ತು. ಯಾಕೆ ಹೀಗಾಯಿತು ಎಂದು ಹೇಳಲು ಮಾತು ಇರಲಿಲ್ಲ. ಆ ಮಾತುಗಳು ನನಗೆ ಕಾಲೇಜಿನ ಲೈಬ್ರರಿಯಲ್ಲಿ, ಆರ್ಟ್ಸ್ ವಿಭಾಗದ ಭೂಗೋಳ ಪುಸ್ತಕದಲ್ಲಿ ಸಿಕ್ಕವು.

ಕಲ್ಲುಗಳು ಹುಟ್ಟಿದ ರೀತಿಯಿಂದ ಮೂರು ಜಾತಿ. ಭೂಮಿಯ ಒಳಗಿನ ಕರಗಿದ ಶಿಲಾಪಾಕ ಆರಿ ಗಟ್ಟಿಯಾದರೆ ಅಗ್ನಿಶಿಲೆ. ಗ್ರಾನೈಟ್ ಈ ಜಾತಿಯದು. ನೀರಿನ ತಳದಲ್ಲಿ ಪದರ ಪದರವಾಗಿ ಕೂತು ಆದದ್ದು ಜಲಜ ಶಿಲೆ. ಇವು ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಬದಲಾದರೆ ರೂಪಾಂತರ ಶಿಲೆ. ಶಹಾಬಾದ್ ಕಲ್ಲು ಜಲಜ ಶಿಲೆ, ಅದರಲ್ಲೂ ಸುಣ್ಣಕಲ್ಲು. ಪದರವಾಗಿ ಬೆಳೆದದ್ದರಿಂದಲೇ ಅದು ಹಲಗೆಯಂತೆ ಚಪ್ಪಟೆಯಾಗಿ ಏಳುತ್ತದೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಇದೇ ಸುಣ್ಣಕಲ್ಲಿನಿಂದ.

ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಬಿದ್ದರೆ ಇಂಗಾಲದ ಡೈ ಆಕ್ಸೈಡ್ ಬಿಟ್ಟು ನೊರೆ ಬರುತ್ತದೆ, ಕಲ್ಲು ಕರಗುತ್ತದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಸರ್ ನೀರು ಬೆರೆಸಿದ ಆಸಿಡ್ ಹನಿಸಿ ತೋರಿಸಿದರು. ಅಬ್ಬಾ ಕೊಟ್ಟ ಚೂರು ಸುಯ್ ಎಂದಿತು. ಗ್ರಾನೈಟ್ ಚೂರು ಸುಮ್ಮನಿತ್ತು, ಏಕೆಂದರೆ ಅದರಲ್ಲಿರುವುದು ಬೆಣಚು, ಫೆಲ್ಡ್‌ಸ್ಪಾರ್‌ನಂಥ ಖನಿಜಗಳು. ಅಂದರೆ ಆಸಿಡ್‌ಗೆ ನೊರೆ ಬಂದದ್ದು ಕಲ್ಲಿನ ಜಾತಿಯ ಗುರುತು, ದೋಷವಲ್ಲ.

ಇಲ್ಲಿ ಹೆಸರುಗಳೇ ಮೋಸ ಮಾಡುತ್ತವೆ. ನಾವು ಮನೆಯಲ್ಲಿ ಸಂಗ್-ಎ-ಮರ್‌ಮರ್ ಎನ್ನುವುದಕ್ಕೆ ಕನ್ನಡದಲ್ಲಿ ಅಮೃತಶಿಲೆ ಎಂಬ ಚಂದದ ಹೆಸರಿದೆ. ಆದರೆ ಅದು ಸುಣ್ಣಕಲ್ಲೇ ರೂಪಾಂತರಗೊಂಡದ್ದು, ಅಮೃತಶಿಲೆಗೆ ನಿಂಬೆರಸವೂ ವಿಷ! ಚಾಮರಾಜನಗರದ "ಕಪ್ಪು ಗ್ರಾನೈಟ್" ಅಂಗಡಿಯ ಮಾತು. ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ. ವ್ಯಾಪಾರದಲ್ಲಿ ಪಾಲಿಶ್ ಹಿಡಿಯುವ ಗಟ್ಟಿ ಕಲ್ಲೆಲ್ಲ ಗ್ರಾನೈಟ್ ಆಗಿಬಿಡುತ್ತದೆ. ಬಿಸಿನೆಸ್ ಸ್ಟಡೀಸ್ ಓದುವವರು ಇದನ್ನು ನೆನಪಿಡಬಹುದು.

ಈ ಪುಸ್ತಕದಲ್ಲಿ ನಮ್ಮ ಮನೆಯ ಮಾತುಗಳೂ ಸಿಕ್ಕಿದಾಗ ನನಗೆ ಖುಷಿಯಾಯಿತು. ಅಕ್ಕಿ ಆರಿಸುವಾಗ ದಾದಿ ಎತ್ತಿ ಬಿಸಾಡುವುದು ಕಂಕರ್. ಮಣ್ಣಿನೊಳಗೆ ಸುಣ್ಣ ಗಂಟುಗಟ್ಟಿದರೆ ಅದಕ್ಕೂ ಇಂಗ್ಲಿಷ್ ಭೂವಿಜ್ಞಾನದಲ್ಲಿ ಕಂಕರ್ ಎಂದೇ ಹೆಸರು. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನೆಲ ರಾಯಚೂರು ದೋಆಬ್: ದೋ ಎಂದರೆ ಎರಡು, ಆಬ್ ಎಂದರೆ ನೀರು. ಇನ್ನು ನಮ್ಮ ಕಡೆ ಎಲ್ಲರೂ, ಯಾವ ಮನೆಮಾತಿನವರೇ ಆಗಲಿ, ಶಹಾಬಾದ್ ಕಲ್ಲಿಗೆ ಫರಸಿ ಎನ್ನುತ್ತಾರಲ್ಲ, ಅದು ಫರ್ಶ್, ನೆಲ ಎಂಬ ಮಾತಿನಿಂದ ಬಂದದ್ದು.

ಇದನ್ನೆಲ್ಲ ಹೇಳಿದಾಗ ಅಬ್ಬಾ ಮೊದಲು ನಕ್ಕರು, "ಪತ್ಥರ್ ಪತ್ಥರೀಚ್ ಹೈ" ಎಂದರು. ಆಮೇಲೆ ಲ್ಯಾಬಿನ ಆ ಚೂರನ್ನು ಕೇಳಿ ತೆಗೆದುಕೊಂಡು ಕರಣೆಯ ಚೀಲದಲ್ಲಿ ಇಟ್ಟುಕೊಂಡರು. 6000 ರೂಪಾಯಿ ಇನ್ನೂ ಬಂದಿಲ್ಲ. ಅಬ್ಬಾ ಕೊಡುವ ಬಿಲ್ಲಿನ ಕೆಳಗೆ ಈಗ ನಾನು ಕನ್ನಡದಲ್ಲಿ, ಉರ್ದುವಿನಲ್ಲಿ ಒಂದು ಸಾಲು ಬರೆದುಕೊಡುತ್ತೇನೆ: "ಇದು ಸುಣ್ಣಕಲ್ಲು. ಆಸಿಡ್ ಹಾಕಬೇಡಿ."