ನಾಲ್ಕೇ ಅಳತೆಗಳ ಸಾಕ್ಷ್ಯ

ವ್ಯಾಪಾರದ ಅಂಕಿಅಂಶಗಳನ್ನು ವಿಶ್ಲೇಷಿಸಿ, ಅವುಗಳ ಆಧಾರದ ಮೇಲೆ ನಿರ್ಧಾರ ಕೈಗೊಳ್ಳುವ ವಿದ್ಯೆಯನ್ನು ಇಂದು ‘ಬಿಸಿನೆಸ್ ಅನಲಿಟಿಕ್ಸ್’ ಎಂಬ ಹೆಸರಿನಿಂದ ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ಕಲಿಸುತ್ತಿರುವರು. ಗಣಕಯಂತ್ರದೊಡನೆ ಹುಟ್ಟಿದ ನವವಿದ್ಯೆಯಿದೆಂದು ವಿದ್ಯಾರ್ಥಿಗಳು ಭಾವಿಸುವುದು ಸಹಜವೇ ಆದರೂ, ಇದರ ಅತ್ಯಂತ ಗಂಭೀರ ಪ್ರಶ್ನೆಯೊಂದು ಶತಮಾನಕ್ಕೂ ಹಿಂದೆ ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಇದಿರಾಗಿದ್ದಿತು.

ಆಕ್ಸ್‌ಫರ್ಡಿನಲ್ಲಿ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಅಭ್ಯಸಿಸಿದ ವಿಲಿಯಂ ಸೀಲಿ ಗಾಸೆಟ್ ಎಂಬ ತರುಣನು 1899ರಲ್ಲಿ ಈ ಕಾರ್ಖಾನೆಯಲ್ಲಿ ಉದ್ಯೋಗಕ್ಕೆ ಸೇರಿದನು. ಯಾವ ತಳಿಯ ಬಾರ್ಲಿ ಮೇಲು, ಮಾಲ್ಟಿನಿಂದ ಇಳಿಯುವ ಸತ್ತ್ವವು ಗೊತ್ತಾದ ಪ್ರಮಾಣದಲ್ಲಿರುವುದೇ ಎಂಬ ವಿಷಯಗಳನ್ನು ಪ್ರಯೋಗಗಳಿಂದಲೇ ತಿಳಿಯಬೇಕಾಗಿದ್ದಿತು. ಆದರೆ ಬೆಳೆಯು ವರ್ಷಕ್ಕೊಮ್ಮೆ ಮಾತ್ರ ಕೈಗೆ ಬರುವುದರಿಂದಲೂ, ಪ್ರತಿಯೊಂದು ಪರೀಕ್ಷೆಗೂ ಹಣ ಮತ್ತು ಶ್ರಮಗಳು ವ್ಯಯವಾಗುತ್ತಿದ್ದುದರಿಂದಲೂ ಆತನಿಗೆ ದೊರೆಯುತ್ತಿದ್ದ ಅಳತೆಗಳು ಕೆಲವೇ ಕೆಲವು. ಅಂದಿನ ಸಂಖ್ಯಾಶಾಸ್ತ್ರವಾದರೋ ನೂರಾರು, ಸಾವಿರಾರು ಅಳತೆಗಳಿಗೆ ಒಗ್ಗಿದ್ದುದು. ನಾಲ್ಕು ಅಳತೆಗಳ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಅದರಲ್ಲಿ ತೃಪ್ತಿಕರವಾದ ಉತ್ತರವಿರಲಿಲ್ಲ.

ಅದನ್ನು ಅರಸುತ್ತ ಗಾಸೆಟ್ಟನು 1906ರಲ್ಲಿ ಲಂಡನ್ನಿಗೆ, ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ನರ ಪ್ರಯೋಗಶಾಲೆಗೆ ಹೋದನು. ಅಲ್ಲಿ ರೂಪುಗೊಂಡ ಪರೀಕ್ಷೆಯ ಸೊಗಸನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 3000 ಮಂದಿ ಅಪರಾಧಿಗಳ ಎತ್ತರವನ್ನೂ ಎಡಗೈಯ ನಡುಬೆರಳಿನ ಉದ್ದವನ್ನೂ ರಟ್ಟಿನ ಚೀಟಿಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ಒಂದೊಂದಾಗಿ ಎತ್ತಿ, ನಾಲ್ಕು ನಾಲ್ಕರಂತೆ 750 ಗುಂಪುಗಳನ್ನು ಮಾಡಿ, ಪ್ರತಿಯೊಂದು ಗುಂಪಿನ ಸರಾಸರಿಯು ಆ ಗುಂಪಿನೊಳಗಣ ಏರುಪೇರಿಗೆ ಹೋಲಿಸಿದರೆ ನಿಜವಾದ ಸರಾಸರಿಯಿಂದ ಎಷ್ಟು ದೂರ ಸರಿಯುವುದೆಂದು ಲೆಕ್ಕಹಾಕಿ, ತಾನು ಗಣಿತದಿಂದ ಪಡೆದಿದ್ದ ಸೂತ್ರವನ್ನು ಅದಕ್ಕೆ ಒರೆಹಚ್ಚಿ ನೋಡಿದನು. ಇಷ್ಟೆಲ್ಲ ಕೈಯ ಕೆಲಸ! ಫಲಿತಾಂಶವು 1908ರಲ್ಲಿ ‘ಬಯೋಮೆಟ್ರಿಕ’ ಪತ್ರಿಕೆಯಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟವಾಯಿತು. ನೌಕರರು ಸ್ವಂತ ಹೆಸರಿನಲ್ಲಿ ಸಂಶೋಧನೆಯನ್ನು ಪ್ರಕಟಿಸುವುದು ಕಂಪನಿಗೆ ಸಮ್ಮತವಾಗಿರಲಿಲ್ಲ. ಇಂದಿನ ವಿದ್ಯಾರ್ಥಿಗಳು ಗಣಕಯಂತ್ರದಲ್ಲಿ ಕ್ಷಣಾರ್ಧದಲ್ಲಿ ಮಾಡುವ ಟಿ-ಪರೀಕ್ಷೆಗೆ ಮೂಲ ಇದೇ.

ಸೂತ್ರಕ್ಕಿಂತಲೂ ಹಿರಿದೆಂದು ನನಗೆ ತೋರುವುದು ಅದರ ಹಿಂದಿದ್ದ ವಿವೇಕ. ಎಷ್ಟು ಖಚಿತತೆ ಸಾಕು ಎಂಬುದನ್ನು ಗಣಿತವೊಂದೇ ಹೇಳಲಾರದು. ನಿರ್ಧಾರದಿಂದ ಬರುವ ಲಾಭವನ್ನೂ, ಇನ್ನೊಂದು ಪ್ರಯೋಗಕ್ಕೆ ತಗಲುವ ವೆಚ್ಚವನ್ನೂ ತೂಗಿ ನೋಡಿಯೇ ಅದನ್ನು ಗೊತ್ತುಮಾಡತಕ್ಕದ್ದೆಂದು ಗಾಸೆಟ್ಟನು ಆಗಲೇ ಕಂಡುಕೊಂಡಿದ್ದನು. ಈಗ ದತ್ತಾಂಶವು ಹೇರಳವಾಗಿರುವಾಗ ಈ ಚಿಂತೆಯೇಕೆ ಎಂದು ಕೇಳುವವರುಂಟು. ಆದರೆ ಲಕ್ಷಗಟ್ಟಲೆ ಬಿಲ್ಲುಗಳನ್ನು ಅಂಗಡಿ, ಋತು, ಸರಕು ಎಂದು ವಿಂಗಡಿಸುತ್ತ ಹೋದಂತೆ, ನಿರ್ಧಾರಕ್ಕೆ ನಿಜವಾಗಿ ಸಂಬಂಧಪಟ್ಟ ಅಂಕಿಗಳು ಎಷ್ಟೋ ಸಲ ಬೆರಳೆಣಿಕೆಗೆ ಇಳಿದುಬಿಡುತ್ತವೆ. ಆದುದರಿಂದ ಅಧ್ಯಾಪಕರು ಸಾಫ್ಟ್‌ವೇರನ್ನು ಪರಿಚಯಿಸುವುದಕ್ಕೆ ಮೊದಲು ವಿದ್ಯಾರ್ಥಿಗಳ ಕೈಗೆ ನಾಲ್ಕೇ ಅಳತೆಗಳನ್ನು ಕೊಟ್ಟು, ಐದನೆಯದಕ್ಕೆ ಒಂದು ಬೆಲೆಯನ್ನು ಕಟ್ಟಿ, ಅದನ್ನು ಕೊಳ್ಳುವುದು ಲಾಭವೋ ನಷ್ಟವೋ ಎಂಬುದನ್ನು ಕಾರಣಸಹಿತವಾಗಿ ಬರೆಯಿಸಲಿ.